ಹೊಗೆಯಿಂದಾಚೆ ಕಟ್ಟಿದ ನಾಯಿ

ಇದು ನಡೆದದ್ದು ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ. ಭಾನುವಾರ ಎಂಬುದು ಖಚಿತ, ಏಕೆಂದರೆ ಅಂದು ನನಗೆ ಶಾಲೆ ಇರಲಿಲ್ಲ. ಉಳಿದ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹೈಸ್ಕೂಲಿನಿಂದಲೂ ಡೈರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಡೈರಿ ಇರುವುದು ತಮಿಳಿನಲ್ಲಿ, ನಾನು ಓದಿದ್ದೇ ತಮಿಳಿನಲ್ಲಿ. ಕನ್ನಡದ ಅಕ್ಷರಗಳನ್ನು ಕೆಲಸಕ್ಕೆ ಸೇರಿದ ಮೇಲೆ ನಾನಾಗಿಯೇ ಕಲಿತೆ. ಆ ದಿನ ಆಡಿದ ಮಾತೆಲ್ಲ ನಮ್ಮ ಮನೆಯ ಕನ್ನಡದ್ದು. ಅದನ್ನು ಅದೇ ರಾತ್ರಿ ತಮಿಳಿನಲ್ಲಿ ಬರೆದಿಟ್ಟೆ, ಈಗ ಮತ್ತೆ ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಸಲ ಬಾಗಿಲು ದಾಟುವಾಗ ಏನು ಉದುರಿತೋ ಗೊತ್ತಿಲ್ಲ. ಗಟ್ಟಿ ಸಾಕ್ಷಿ ಅಂತ ನನ್ನ ಬಳಿ ಉಳಿದಿರುವುದು ಎರಡೇ: ಫೋನಿನಲ್ಲಿರುವ ಒಂದು ಔಷಧಿ ಬಾಟಲಿಯ ಫೋಟೊ, ಮತ್ತು ಒಂದು ರಕ್ತಪರೀಕ್ಷೆಯ ಚೀಟಿ.

ನಮ್ಮ ಅಮ್ಮನ ತಮ್ಮ ಮಾದಪ್ಪ ಮಾಮನ ಊರು ತಮಿಳುನಾಡಿನ ಪೆನ್ನಾಗರಂನಿಂದ ಒಳಗೆ, ಕಾಡಿನ ಅಂಚಿನಲ್ಲಿ. ಮಾಮನಿಗೆ ಎರಡು ಎಕರೆ ಮಳೆ ನಂಬಿದ ಹೊಲ, ನಲವತ್ತು ಚಿಲ್ಲರೆ ಕುರಿ, ಮನೆಯಲ್ಲಿ ಚಿಕ್ಕತಾಯಿ ಅತ್ತೆ. ನಾನು ಧರ್ಮಪುರಿಯ ಒಂದು ಶಾಲೆಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಸಂಜೆಯೊಳಗೆ ಮಾಮನ ಮನೆ. ಅಲ್ಲಿ ನನಗಾಗಿ ಕಾಯುತ್ತಿದ್ದವಳು ಅತ್ತೆಯಲ್ಲ, ಕೆಂದಿ.

ಕೆಂದಿ ನಾಯಿ. ಮೈಯೆಲ್ಲ ಒಣಗಿದ ರಾಗಿ ತೆನೆಯ ಬಣ್ಣ. ಅವಳನ್ನು ಮಾರಂಡಹಳ್ಳಿಯ ಒಂದು ತೋಟದ ಮನೆಯಿಂದ ಟೊಮೆಟೊ ಕ್ರೇಟಿನಲ್ಲಿ ಕೂರಿಸಿಕೊಂಡು ಬಂದವಳು ನಾನೇ. ಆಗ ಎರಡು ತಿಂಗಳ ಮರಿ. ಬಸ್ಸಿನಲ್ಲಿ ಕಂಡಕ್ಟರ್ ಅವಳಿಗೂ ಲಗೇಜ್ ಟಿಕೆಟ್ ಹರಿದಿದ್ದ. ಮಾಮ ಅವಳಿಗೆ ಏನನ್ನೂ ಕಲಿಸಲಿಲ್ಲ, ಮಂದೆಯ ಹಿಂದೆ ಓಡಾಡಿ ಅವಳೇ ಕಲಿತಳು. ಯಾವ ಕುರಿ ಪಕ್ಕದವರ ಹೊಲಕ್ಕೆ ಕಣ್ಣು ಹಾಕುತ್ತದೆ ಎಂಬುದು ಆ ಕುರಿಗಿಂತ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಮಾಮನಿಗೆ ಮಂಡಿನೋವು. ಕೆಂದಿ ಇಲ್ಲದಿದ್ದರೆ ತನಗೆ ಇನ್ನೊಂದು ಜೊತೆ ಕಾಲು ಬೇಕಾಗುತ್ತಿತ್ತು ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದ.

ಮಳೆಗಾಲ ಹಿಡಿದರೆ ನಮ್ಮ ಕಡೆ ಕುರಿದೊಡ್ಡಿಗೆ ಹೊಗೆ ಹಾಕುತ್ತಾರೆ. ಹೊತ್ತು ಮುಳುಗುವಾಗ ಒಣ ಹಿಕ್ಕೆ, ಬೆರಣಿ ಸೇರಿಸಿ ಕೆಂಡ ಮಾಡಿ, ಮೇಲೆ ಹಸಿ ಬೇವು ಮತ್ತು ನೊಚ್ಚಿ, ಅಂದರೆ ಲಕ್ಕಿ ಸೊಪ್ಪು ಮುಚ್ಚುತ್ತಾರೆ. ದೊಡ್ಡಿ ತುಂಬ ಹೊಗೆ ಕವಿಯುತ್ತದೆ, ಸೊಳ್ಳೆ ಹತ್ತಿರ ಸುಳಿಯುವುದಿಲ್ಲ, ಕುರಿ ನೆಮ್ಮದಿಯಾಗಿ ಮೆಲುಕು ಹಾಕುತ್ತವೆ. ಕೆಂದಿ ಮಾತ್ರ ಆ ಹೊಗೆಯಲ್ಲಿ ಇರುತ್ತಿರಲಿಲ್ಲ. ದೊಡ್ಡಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಕುರಿ ನೀರು ಕುಡಿಯುವ ಸಿಮೆಂಟು ತೊಟ್ಟಿಯ ಪಕ್ಕದ ಬೇವಿನ ಮರಕ್ಕೆ ಅವಳನ್ನು ಕಟ್ಟುತ್ತಿದ್ದರು. ಮೊದಲು ಅವಳೂ ಒಳಗೇ ಇದ್ದವಳು. ಹಿಂದಿನ ವರ್ಷದ ಮಳೆಗಾಲದಲ್ಲಿ ಜಾಗ ಬದಲಾಗಿತ್ತು. ಯಾಕೆ ಬದಲಾಯಿತು ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಆ ತೊಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕುರಿಯ ತೊಟ್ಟಿ ಬರಿದಾಗಬಾರದು ಅಂತ ನಮ್ಮವರಲ್ಲಿ ಒಂದು ನೇಮ. ತೊಟ್ಟಿ ಒಣಗಿದರೆ ಮಂದೆ ಒಡೆಯುತ್ತದೆ ಅನ್ನುತ್ತಾರೆ. ಅದಕ್ಕೇ ದಿನಾ ಸಂಜೆ ಇದ್ದ ನೀರಿನ ಮೇಲೆ ಎರಡು ಕೊಡ ಸುರಿಯುವುದು, ಅಷ್ಟೇ. ತಳದ ನೀರು ಯಾವ ಕಾಲದ್ದೋ ಯಾರಿಗೂ ಗೊತ್ತಿರಲಿಲ್ಲ. ಆ ನೀರಿನಲ್ಲಿ ಕೊಂಕಿ ಕೊಂಕಿ ಈಜುವ ಮರಿಹುಳಗಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಸೊಳ್ಳೆಯ ಮರಿ ಅಂತಲೂ ಗೊತ್ತಿತ್ತು. ಒಂದು ಸಲ ಮಕ್ಕಳಿಗೆ ತೋರಿಸಲು ಬಾಟಲಿಯಲ್ಲಿ ತುಂಬಿಕೊಂಡೂ ಹೋಗಿದ್ದೆ. ತೊಟ್ಟಿಗೂ ಅದರ ಪಕ್ಕ ಮಲಗುವ ನಾಯಿಗೂ ಸಂಬಂಧ ಇರಬಹುದು ಅಂತ ಹೊಳೆಯಲಿಲ್ಲ.

ಆ ಶನಿವಾರ ನಾನು ಹೋದಾಗ ಕೆಂದಿ ಬಸ್ ಸ್ಟಾಪಿನವರೆಗೆ ಬಂದಿರಲಿಲ್ಲ. ಮರದ ಕೆಳಗೆ ಮಲಗಿದ್ದಳು, ನನ್ನನ್ನು ನೋಡಿ ಎದ್ದಳು, ನಾಲ್ಕು ಹೆಜ್ಜೆ ಓಡಿದಳು, ನಿಂತು ಕೆಮ್ಮಿದಳು. ಒಣ ಕೆಮ್ಮು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ. ಪಕ್ಕೆಲುಬು ಎಣಿಸುವಂತಾಗಿದ್ದವು. ಒಂದು ತಿಂಗಳಿಂದ ಹೀಗೇ, ಮಂದೆಯ ಹಿಂದೆ ಅರ್ಧ ದಾರಿ ಬಂದು ಕೂತುಬಿಡುತ್ತಾಳೆ ಅಂತ ಅತ್ತೆ ಹೇಳಿದಳು.

ಮಾಮನ ಪ್ರಕಾರ ಅದು ಹುಳದ ಕಾಟ. ಕುರಿಗೆ ಪುಪ್ಪುಸದಲ್ಲಿ ಹುಳವಾದರೆ ಹೀಗೇ ಕೆಮ್ಮುತ್ತದೆ, ಹೀಗೇ ಸೊರಗುತ್ತದೆ. ಅವನು ನಲವತ್ತು ವರ್ಷದಿಂದ ಕುರಿ ಕೆಮ್ಮು ಕೇಳಿದವನು.

"ಕುರಿ ಕೆಮ್ಮಿದ್ರೆ ಉಳ. ನಾಯಿ ಕೆಮ್ಮಿದ್ರೆ ಬೇರೆಯಾ?" ಅಂದ.

ನಾನು ನಕ್ಕೆ. ನಕ್ಕದ್ದು ನೆನಪಿದೆ, ಅದನ್ನು ಡೈರಿಯಲ್ಲಿ ನೋಡಿಕೊಳ್ಳುವ ಅಗತ್ಯವಿಲ್ಲ. "ನಾಯಿ ಕುರಿ ಅಲ್ಲ ಮಾಮ. ಐಪ್ಪಸಿ ತಿಂಗ್ಳ ಚಳಿ ಬಿದ್ದೈತೆ, ಅದ್ಕೇ ಕೆಮ್ತಾಳೆ. ಒಂದ್ ವಾರ ಬೆಚ್ಚಗೆ ಮಲಗ್ಸು, ಓಯ್ತದೆ."

"ಎಂ.ಎಸ್ಸಿ. ಓದಿರೋಳು ನೀನು. ಆಗ್ಲಿ," ಅಂದು ಅವನು ಎದ್ದು ಹೋದ. ಆ 'ಆಗ್ಲಿ' ಒಪ್ಪಿಗೆಯಲ್ಲ ಅಂತ ನನಗೆ ತಿಳಿಯಬೇಕಿತ್ತು.

ಮರುದಿನ ನಾನು ಎದ್ದಾಗ ಎಂಟಾಗಿತ್ತು. ಮಾಮ ಅಷ್ಟು ಹೊತ್ತಿಗೆ ದೊಡ್ಡಿಯ ಕುರಿಗಳಿಗೆಲ್ಲ ಹುಳದ ಮದ್ದು ಕುಡಿಸಿ ಮುಗಿಸಿದ್ದ. ಮಳೆ ನಿಂತ ಮೇಲೆ ವರ್ಷವೂ ಮಾಡುವ ಕೆಲಸ ಅದು. ಒಂಬತ್ತೂವರೆ ಸುಮಾರಿಗೆ ಅತ್ತೆ ಹಿತ್ತಲಿಂದ ನನ್ನನ್ನು ಕರೆದಳು. ಕೆಂದಿ ವಾಂತಿ ಮಾಡಿಕೊಂಡು ಅದರ ಪಕ್ಕದಲ್ಲೇ ಬಿದ್ದಿದ್ದಳು. ಏಳಲು ನೋಡಿದಳು, ಹಿಂಗಾಲು ಬರಲಿಲ್ಲ. ಉಸಿರು ಮೇಲೆ ಮೇಲೆ ಬಿಡುತ್ತಿದ್ದಳು. ಹೆಸರು ಹಿಡಿದು ಕರೆದರೆ ಕಣ್ಣು ನನ್ನ ಕಡೆ ತಿರುಗಿತು, ಆದರೆ ನನ್ನನ್ನು ದಾಟಿ ಎಲ್ಲೋ ನೋಡಿತು.

ಹಾವು ಕಚ್ಚಿರಬೇಕು ಅಂದುಕೊಂಡೆ. ಮೈಯೆಲ್ಲ ತಡವಿ ಹುಡುಕಿದೆ. ಮಾಮ ಪಕ್ಕದಲ್ಲೇ ನಿಂತಿದ್ದ. ಎಂ.ಎಸ್ಸಿ. ಓದುವಾಗ ಸೇಲಂನಲ್ಲಿ ನಮ್ಮ ಹಾಸ್ಟೆಲ್ಲಿನ ಬೆಕ್ಕೊಂದನ್ನು ಒಬ್ಬ ಪಶುವೈದ್ಯೆಗೆ ತೋರಿಸಿದ್ದೆ. ಅವರ ನಂಬರ್ ಫೋನಿನಲ್ಲಿ ಇನ್ನೂ ಇತ್ತು. ಭಾನುವಾರವಾದರೂ ಎತ್ತಿದರು. ಒಸಡಿನ ಬಣ್ಣ ನೋಡು ಅಂದರು. ತುಟಿ ಎತ್ತಿ ನೋಡಿದೆ, ಸುಣ್ಣ ಬಳಿದ ಗೋಡೆಯ ಹಾಗಿತ್ತು. ಬೆಳಗಿನಿಂದ ಏನು ತಿಂದಿದೆ ಅಂತ ಕೇಳಿದರು. ನಾನು ಮಾಮನನ್ನು ಕೇಳಿದೆ. ಏನೂ ತಿಂದಿಲ್ಲ ಅಂದ.

ಆಗ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಮಾಮನ ಕಡೆ ನೋಡದೆ ಹೇಳಿದಳು: "ಕುರಿಗೆ ಮದ್ದು ಉಯ್ದ್ರಲ್ಲ, ಅದ್ನೇ ಇವ್ಳಿಗೂ ಉಯ್ದವ್ರೆ. ನಿಂಗೆ ಏಳ್ಬೇಡ ಅಂದವ್ರೆ."

ಮಾಮ ಒಂದು ಕುರಿಯ ಅಳತೆಯೂ ಅಲ್ಲ, ಎರಡು ಕುರಿಯ ಅಳತೆ ಕೊಟ್ಟಿದ್ದ. ಬೆಳಿಗ್ಗೆ ಕೊಡುವಾಗ, ಎರಡು ಕುರಿ ತಿನ್ನುವುದನ್ನು ಇವಳೊಬ್ಬಳೇ ತಿನ್ನುತ್ತಾಳೆ, ಎರಡು ಕುರಿ ಮದ್ದು ಬೇಡವಾ ಅಂತ ತಮಾಷೆಯನ್ನೂ ಮಾಡಿದ್ದನಂತೆ.

ವೈದ್ಯೆಗೆ ಹೇಳಿದೆ. ಅವರ ದನಿ ಬದಲಾಯಿತು. ಬಾಯಿಗೆ ಹಾಲು, ಅರಿಶಿನ, ಉಪ್ಪುನೀರು ಏನನ್ನೂ ಹಾಕಬೇಡ, ಆ ಬಾಟಲಿಯ ಚೀಟಿಯ ಫೋಟೊ ಈಗಲೇ ಕಳಿಸು, ಬಾಟಲಿಯನ್ನೂ ನಾಯಿಯನ್ನೂ ತೆಗೆದುಕೊಂಡು ತಕ್ಷಣ ಹೊರಡು ಅಂದರು. ನಾನು ಅಷ್ಟರಲ್ಲಿ ಉಪ್ಪುನೀರು ಕಲಸಿ ಇಟ್ಟುಕೊಂಡಿದ್ದೆ. ಫೋನು ಒಂದು ನಿಮಿಷ ತಡವಾಗಿದ್ದರೆ ಕುಡಿಸಿಯೇ ಬಿಡುತ್ತಿದ್ದೆ. ಇದನ್ನು ಓದುವವರಿಗಾಗಿ ಬರೆಯುತ್ತಿದ್ದೇನೆ, ಹಾಗೆ ಮಾಡಬೇಡಿ.

ಪಕ್ಕದ ಮನೆಯವರ ಚಿಕ್ಕ ಲಗೇಜ್ ಗಾಡಿಯಲ್ಲಿ ಮರಗೆಣಸಿನ ಮೂಟೆ ತುಂಬಿತ್ತು. ನಾಯಿಗೆ ಸೇಲಂ ಆಸ್ಪತ್ರೆಯಾ ಅಂತ ಅವರು ಮೊದಲು ನಕ್ಕರು. ಕೆಂದಿಯನ್ನು ನೋಡಿದ ಮೇಲೆ ಮೂಟೆಗಳನ್ನು ಇಳಿಸಿದರು. ಹಿಂದೆ ಗೋಣಿಚೀಲ ಹಾಸಿ ಕೆಂದಿಯನ್ನು ಮಲಗಿಸಿ, ನಾನೂ ಮಾಮನೂ ಆಚೀಚೆ ಕೂತೆವು.

ಆ ದಾರಿ ನನಗೆ ಚೂರು ಚೂರಾಗಿ ನೆನಪಿದೆ. ಧರ್ಮಪುರಿ ದಾಟಿದ್ದು ನೆನಪಿಲ್ಲ. ತೊಪ್ಪೂರು ಘಾಟಿಯಲ್ಲಿ ಲಾರಿಗಳು ಸಾಲಾಗಿ ನಿಂತದ್ದು, ನಮ್ಮ ಗಾಡಿ ಒಂದೊಂದೇ ಗಾಲಿಯಷ್ಟು ಮುಂದೆ ಹೋದದ್ದು ನೆನಪಿದೆ. ಅಲ್ಲಿ ಕೆಂದಿಯ ಉಸಿರು ಒಮ್ಮೆ ನಿಂತ ಹಾಗಾಯಿತು. ಮಾಮ ಬಗ್ಗಿ ಅವಳ ಕಿವಿಯ ಹತ್ತಿರ, ಸಂಜೆ ಮಂದೆಯನ್ನು ಮನೆಗೆ ತಿರುಗಿಸುವಾಗ ಮಾಡುವ ಆ 'ಟ್ರ್ರ್... ಟ್ರ್ರ್' ಸದ್ದು ಮಾಡಿದ. ಕಿವಿ ಸ್ವಲ್ಪ ಅಲುಗಿತು. ಅಲ್ಲಿಂದ ಸೇಲಂವರೆಗೂ ಅವನು ಆ ಸದ್ದು ನಿಲ್ಲಿಸಲಿಲ್ಲ. ಅವನ ತುಟಿ ಒಣಗಿ ಬಿರಿದಿತ್ತು. ಅವನ ಮೇಲೆ ನನಗಿದ್ದ ಸಿಟ್ಟು ಆ ಘಾಟಿಯಲ್ಲೇ ಎಲ್ಲೋ ಇಳಿಯಿತು.

ಆಸ್ಪತ್ರೆ ಅಂದರೆ ಎರಡು ಕೋಣೆ. ವೈದ್ಯೆ ಬಾಗಿಲಲ್ಲೇ ನಿಂತಿದ್ದರು. ಮೇಜಿನ ಮೇಲೆ ಮಲಗಿಸುತ್ತಲೇ ಕಾಲಿನ ಕೂದಲು ಬೋಳಿಸಿ ಗ್ಲೂಕೋಸ್ ಏರಿಸಿದರು, ಒಂದರ ಹಿಂದೊಂದು ಇಂಜೆಕ್ಷನ್ ಕೊಟ್ಟರು. ಯಾರು ಕೊಟ್ಟದ್ದು ಈ ಮದ್ದು ಅಂತ ತಮಿಳಿನಲ್ಲಿ ಕೇಳಿದಾಗ ಮಾಮ ಒಂದು ಹೆಜ್ಜೆ ಮುಂದೆ ಬಂದ. "ನಾನ್ ತಾನ್," ಅಂದ. ನಾನೇ. ಎಷ್ಟು, ಯಾವಾಗ, ಯಾವ ಅಳತೆಯ ಮುಚ್ಚಳದಲ್ಲಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಅವನು ಅಷ್ಟು ಸರಿಯಾಗಿ ಹೇಳಿದ್ದರಿಂದ ತಮಗೆ ಅನುಕೂಲವಾಯಿತು ಅಂತ ವೈದ್ಯೆ ಆಮೇಲೆ ನನಗೆ ಹೇಳಿದರು.

ಎರಡು ಗಂಟೆ ಕಳೆದ ಮೇಲೆ ಒಸಡಿಗೆ ಸ್ವಲ್ಪ ಬಣ್ಣ ಬಂತು. ಆಗ ವೈದ್ಯೆ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ತಲೆ ಎತ್ತಿ, ನೀನು ಓದಿದವಳಲ್ಲವಾ, ಬಾ ಅಂತ ನನ್ನನ್ನು ಕರೆದರು.

ನೋಡಿದೆ. ಕೆಂಪು ಕಣಗಳ ನಡುವೆ ಸಣ್ಣ ದಾರದ ಎಳೆಯಂಥದ್ದು ಬಳುಕುತ್ತಿತ್ತು, ಕಣಗಳನ್ನು ಅತ್ತ ಇತ್ತ ತಳ್ಳುತ್ತಿತ್ತು. ಒಂದಲ್ಲ, ಮೂರು ನಾಲ್ಕು. ಕೆಲವು ಅಲುಗದೆ ಬಿದ್ದಿದ್ದವು. ಫೈಲೇರಿಯಾ ಜಾತಿಯ ಹುಳದ ಮರಿಗಳು. ಮನುಷ್ಯರಿಗೆ ಆನೆಕಾಲು ತರುವ ಹುಳದ ದಾಯಾದಿ, ನಾಯಿಯ ಹೃದಯದಲ್ಲಿ ಬೆಳೆಯುವಂಥದ್ದು. ಸೊಳ್ಳೆ ಒಂದು ನಾಯಿಯಿಂದ ಹೀರಿ ಇನ್ನೊಂದಕ್ಕೆ ದಾಟಿಸುತ್ತದೆ. ಆನೆಕಾಲು ಹುಳದ ಜೀವನಚಕ್ರದ ಚಿತ್ರವನ್ನು ನಾನು ಪರೀಕ್ಷೆಯಲ್ಲಿ ಬಾಣದ ಗುರುತು ಹಾಕಿ, ಬಣ್ಣದ ಪೆನ್ಸಿಲಿನಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಪ್ರತಿ ವರ್ಷ ಮಕ್ಕಳಿಗೂ ಬರೆಸುತ್ತೇನೆ. ನನ್ನ ಚಿತ್ರದಲ್ಲಿ ಸೊಳ್ಳೆಯ ಪಕ್ಕ ಯಾವತ್ತೂ ಮನುಷ್ಯನೇ ಇದ್ದ. ತೊಟ್ಟಿ ಇರಲಿಲ್ಲ, ಬೇವಿನ ಮರ ಇರಲಿಲ್ಲ, ನಾಯಿ ಇರಲಿಲ್ಲ.

ಮಾಮನೂ ನೋಡಿದ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಉಳ ಅಂತ ನಾನ್ ಏಳ್ದೆ," ಅಂದ. ಮತ್ತೆ ಬಗ್ಗಿ ನೋಡಿ, "ಇದು ನಮ್ ಕುರಿ ಉಳ ಅಲ್ಲ. ಇದರ ದಾರೀನೇ ಬೇರೆ," ಅಂದ.

ವೈದ್ಯೆ ಬಿಡಿಸಿ ಹೇಳಿದ್ದನ್ನು ನಾನು ಅವನಿಗೆ ಕನ್ನಡದಲ್ಲಿ ಹೇಳಿದೆ. ದೊಡ್ಡ ಹುಳಗಳು ಹೃದಯದಲ್ಲೂ ಅಲ್ಲಿಂದ ಪುಪ್ಪುಸಕ್ಕೆ ಹೋಗುವ ರಕ್ತನಾಳದಲ್ಲೂ ಇರುತ್ತವೆ, ಕೆಮ್ಮು ಅದರಿಂದ. ಮರಿಗಳು ರಕ್ತದಲ್ಲಿ ತಿರುಗುತ್ತಿರುತ್ತವೆ. ಕುರಿಗೆ ಕೊಡುವ ಜಾತಿಯ ಮದ್ದನ್ನೇ ನಾಯಿಗೂ ಕೊಡುವುದುಂಟು, ಆದರೆ ನಾಯಿಗೆ ಬೇಕಾದ್ದು ಸಾಸಿವೆಯಷ್ಟಾದರೆ ಕುರಿಯ ಅಳತೆ ಬೊಗಸೆಯಷ್ಟು. ಅಷ್ಟು ಬಿದ್ದಾಗ ರಕ್ತದಲ್ಲಿದ್ದ ಮರಿಗಳು ಒಟ್ಟಿಗೆ ಸತ್ತವು, ಆ ಏಟನ್ನು ಮೈ ತಡೆಯಲಿಲ್ಲ. ರಕ್ತ ನೋಡದೆ ನಾಯಿಗೆ ಈ ಮದ್ದನ್ನು ಯಾರೂ ಕೊಡಬಾರದು. ಮೊದಲು ಪರೀಕ್ಷೆ, ಆಮೇಲೆ ನಾಯಿಯ ತೂಕಕ್ಕೆ ತಕ್ಕ ಮಾತ್ರೆ, ಅದೂ ವೈದ್ಯರ ಕೈಯಿಂದ.

ನಾಯಿ ಸಂಜೆ ಎಲ್ಲಿ ಮಲಗುತ್ತದೆ ಅಂತ ವೈದ್ಯೆ ಕೇಳಿದರು. ತೊಟ್ಟಿಯ ಪಕ್ಕ ಅಂತ ಮಾಮ ಹೇಳಿದ. ಅಲ್ಲಿ ಯಾಕೆ ಕಟ್ಟಿದಿರಿ ಅಂತ ಕೇಳಿದರು. ಸೊಳ್ಳೆ ಇರುವ ಜಾಗವಲ್ಲವಾ ಅದು, ಹೊಗೆ ಹಾಕುವ ದೊಡ್ಡಿಯೊಳಗಾದರೂ ಇದ್ದಿದ್ದರೆ ಇಷ್ಟು ಕಚ್ಚುತ್ತಿರಲಿಲ್ಲವಲ್ಲ.

ಮಾಮ ನನ್ನ ಕಡೆ ನೋಡಲಿಲ್ಲ. "ಅಲ್ಲಿ ನೆಳಲ್ ಇರುಕ್ಕುಂಗ," ಅಂದ. ಅಲ್ಲಿ ನೆರಳಿದೆ, ಅದಕ್ಕೆ.

ಸಂಜೆಯ ಹೊತ್ತು ಮಲಗುವ ನಾಯಿಗೆ ನೆರಳೇಕೆ ಅಂತ ವೈದ್ಯೆ ಕೇಳಲಿಲ್ಲ.

ಕೆಂದಿ ಬದುಕಿದಳು. ಎರಡು ದಿನ ಅಲ್ಲಿಯೇ ಇಟ್ಟುಕೊಂಡು ಮೂರನೆಯ ದಿನ ಕಳಿಸಿಕೊಟ್ಟರು. ಆದರೆ ಹೃದಯದ ದೊಡ್ಡ ಹುಳ ಹಾಗೇ ಇದ್ದವು. ಅವು ಮೆಲ್ಲಗೆ ಸಾಯಬೇಕು, ಒಟ್ಟಿಗೆ ಸತ್ತರೆ ಅಪಾಯ. ಅದಕ್ಕೆ ಕೆಲವು ವಾರದ ಮಾತ್ರೆ, ತಿಂಗಳಿಗೊಂದು ಸಲ ಬೇರೆ ಮಾತ್ರೆ, ಮತ್ತು ಎಲ್ಲಕ್ಕಿಂತ ಕಷ್ಟದ ಒಂದು ಕಟ್ಟಳೆ. ವೈದ್ಯೆ ಮೂರು ಸಲ ಬೆರಳೆತ್ತಿ ಹೇಳಿದರು: "ಓಡವೇ ಕೂಡಾದು." ಓಡಲೇಬಾರದು. ಓಡಿದರೆ ಸತ್ತ ಹುಳದ ಚೂರು ರಕ್ತನಾಳದಲ್ಲಿ ಸಿಕ್ಕಿಕೊಳ್ಳಬಹುದು.

ಮಂದೆ ಕಾಯುವ ನಾಯಿಗೆ ಓಡಬೇಡ ಅಂದರೆ ಹೇಗೆ? ಕುರಿಗಳು ದೊಡ್ಡಿಯಿಂದ ಹೊರಟ ಕೂಡಲೇ ಕೆಂದಿ ಹಗ್ಗ ಹರಿದುಕೊಳ್ಳಲು ನೋಡುತ್ತಿದ್ದಳು. ಮಾಮ ಉಪಾಯ ಮಾಡಿದ. ಬೆಳಿಗ್ಗೆ ಅವಳನ್ನು ಒಳಮನೆಗೆ ಸೇರಿಸಿ, ಮಂದೆಯನ್ನು ಸದ್ದಿಲ್ಲದೆ ಹಿಂದಿನ ದಾರಿಯಿಂದ ಹೊರಡಿಸಿದ. ಕುರಿಗಳ ಕೊರಳ ಗಂಟೆಗೆ ಬಟ್ಟೆ ಸುತ್ತಿದ. ಮಂಡಿನೋವಿನಲ್ಲಿ ತಾನೇ ಓಡಿ ಓಡಿ ಕುರಿ ತಿರುಗಿಸಿದ. ಸಂಜೆ ಮಂದೆ ಬರುವ ಮೊದಲು ಅತ್ತೆ ಅವಳನ್ನು ತೊಡೆಯ ಮೇಲೆ ಅದುಮಿ ಹಿಡಿದುಕೊಂಡು ಕೂರುತ್ತಿದ್ದಳು.

ಸೊಳ್ಳೆಗೆ ಏನು ಮಾಡುವುದು ಅಂತ ಯೋಚನೆ ಬಂತು. ಮನುಷ್ಯರು ಹಚ್ಚಿಕೊಳ್ಳುವ ಸೊಳ್ಳೆ ಮುಲಾಮು ನಾಯಿಗೆ ಹಚ್ಚಬಾರದು, ನೆಕ್ಕಿದರೆ ವಿಷ ಅಂತ ವೈದ್ಯೆ ಹೇಳಿದ್ದರು. ನಾನು ಧರ್ಮಪುರಿಯಿಂದ ಒಂದು ಸೊಳ್ಳೆಪರದೆ ತಂದೆ. ಮಾಮ ಜಗಲಿಯ ಮೇಲೆ ನಾಲ್ಕು ಗಳ ನೆಟ್ಟು ಅದನ್ನು ಕಟ್ಟಿದ. ಒಳಗೆ ಹಳೆಯ ಕಂಬಳಿ, ಅದರ ಮೇಲೆ ಕೆಂದಿ. ಹೊತ್ತಿಳಿಯುವ ಮುಂಚೆ ಅವಳು ಪರದೆಯೊಳಗೆ.

ಊರವರಿಗೆ ಅದು ಮದುವೆ ಚಪ್ಪರದ ಹಾಗೆ ಕಂಡಿತು, ದಾರಿಯಲ್ಲಿ ನಿಂತು ನೋಡಿದರು. ಮಾದಪ್ಪ, ಮದುವೆ ಯಾವತ್ತು, ನಮಗೂ ಪತ್ರಿಕೆ ಕೊಡು ಅಂತ ಕೇಳಿದರು. ಮಾಮ ಅದಕ್ಕೆಲ್ಲ ಒಂದು ಬೀಡಿ ಹೊತ್ತಿಸಿಕೊಳ್ಳುತ್ತಿದ್ದ. ಅತ್ತೆಯ ಮಾತೇ ಎಲ್ಲರದಕ್ಕಿಂತ ಚೂಪಾಗಿತ್ತು. "ಮೂರ್ ಬಾಣಂತನ ಮಾಡ್ಕೊಂಡೆ ಈ ಮನೇಲಿ. ಒಂದಕ್ಕೂ ಈ ಮನ್ಸ ಪರದೆ ಕಟ್ಲಿಲ್ಲ," ಅಂದಳು. ಹಾಗಂದವಳೇ ದಿನಾ ಸಂಜೆ ಪರದೆಯ ಅಂಚನ್ನು ಕಂಬಳಿಯ ಅಡಿಗೆ ಮಡಿಚಿ ಸೇರಿಸುತ್ತಿದ್ದಳು, ಒಂದು ಬೆರಳೂ ನುಸುಳದ ಹಾಗೆ.

ತಿಂಗಳ ಮಾತ್ರೆಯದೇ ನನಗೆ ಚಿಂತೆ. ಒಂದು ಸಲ ತಪ್ಪಿದರೆ ಹೊಸ ಮರಿಗಳಿಗೆ ದಾರಿ ಬಿಟ್ಟ ಹಾಗೆ. ಮಾಮನ ಫೋನಿನಲ್ಲಿ ಅಲಾರಂ ಇಟ್ಟೆ, ಅವನು ಅದನ್ನು ಆರಿಸಿಬಿಟ್ಟ. ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದೆ, ಅವನು ನೋಡಲಿಲ್ಲ. ಆಮೇಲೆ ಒಂದು ದಿನ ಅವನೇ ಅಂದ, "ತಾರೀಕು ನಂಗೆ ನಿಲ್ಲಲ್ಲ ಕಣಮ್ಮಿ. ಅಮಾಸೆ ತಪ್ಪಲ್ಲ." ಅಮಾವಾಸ್ಯೆ ದಿನ ನಮ್ಮವರು ಮಂದೆಯನ್ನು ದೂರ ಹೊಡೆಯುವುದಿಲ್ಲ, ದೊಡ್ಡಿ ಗುಡಿಸಿ, ಕುರಿ ತೊಳೆದು, ದೇವರಿಗೆ ದೀಪ ಹಚ್ಚುತ್ತಾರೆ. ನಾನು ಲೆಕ್ಕ ಹಾಕಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮೂವತ್ತು ದಿನ ದಾಟುವುದಿಲ್ಲ. ವೈದ್ಯೆಯನ್ನು ಕೇಳಿದೆ, ನಕ್ಕು ಒಪ್ಪಿದರು. ಅಂದಿನಿಂದ ಇಂದಿನವರೆಗೆ ಅಮಾವಾಸ್ಯೆಯ ದೀಪ ಹಚ್ಚಿದ ಮೇಲೆ, ನಿಂಬೆಹಣ್ಣಿನಷ್ಟು ರಾಗಿಮುದ್ದೆಯೊಳಗೆ ಮಾತ್ರೆ ಅಡಗಿಸಿ ಕೆಂದಿಗೆ ಕೊಡುವುದು. ಒಂದು ಸಲವೂ ತಪ್ಪಿಲ್ಲ. ಇದನ್ನು ನಾನು ನೆನಪಿನಿಂದ ಹೇಳುತ್ತಿಲ್ಲ. ಮಾತ್ರೆ ಬಿಡಿಸಿದ ಖಾಲಿ ಪಟ್ಟಿಗಳು ಅತ್ತೆಯ ದೇವರ ಗೂಡಿನಲ್ಲಿವೆ, ಎಣಿಸಿ ನೋಡಿದ್ದೇನೆ.

ತೊಟ್ಟಿಯ ವಿಷಯದಲ್ಲಿ ಮಾತ್ರ ಮಾಮ ಸುಲಭಕ್ಕೆ ಬಗ್ಗಲಿಲ್ಲ. ನಾಲ್ಕು ದಿನಕ್ಕೊಮ್ಮೆ ಪೂರ್ತಿ ಬರಿದು ಮಾಡಿ ಉಜ್ಜಬೇಕು, ಮರಿಹುಳ ಸೊಳ್ಳೆಯಾಗಿ ಹಾರುವುದಕ್ಕೆ ಮೊದಲೇ ನೀರು ಹೋಗಬೇಕು ಅಂದೆ. ತೊಟ್ಟಿ ಒಣಗಿಸುವ ಮಾತು ಕೇಳಿ ಅವನು ಎದ್ದೇ ಹೋದ. ದಾರಿ ತೋರಿಸಿದವಳು ಅತ್ತೆ. ಖಾಲಿ ಮಾಡುವ ಮೊದಲು ಒಂದು ಕೊಡ ಹೊಸ ನೀರು ತಂದು ತೊಟ್ಟಿಯ ಪಕ್ಕ ಇಟ್ಟಿರು, ಹಳೆಯದು ಹೋಗುತ್ತಲೇ ಸುರಿ, ಆಗ ತೊಟ್ಟಿ ಬರಿದಾಯಿತು ಅನ್ನಲಾಗುವುದಿಲ್ಲ ಅಂದಳು. ಅಷ್ಟು ಹೊತ್ತು ದೇವರು ಕಾಯಬಹುದು ಅಂತ ಮಾಮ ಒಪ್ಪಿದ.

ಒಂದು ವರ್ಷದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಕಿಟ್ಟಿನಲ್ಲಿ, ಹುಳ ಇದೆ ಅಂತ ತೋರಿಸುವ ಎರಡನೇ ಗೆರೆ ಮಸುಕಾಗಿತ್ತು. ಹೋದ ವರ್ಷ ಒಂದೇ ಗೆರೆ ಬಂತು. ಹುಳ ಇಲ್ಲ. ವೈದ್ಯೆ ಕೆಂದಿಯ ಹಗ್ಗ ಬಿಚ್ಚಿ, ಇನ್ನು ಓಡಬಹುದು ಅಂದರು. ಮಾಮ ಅದನ್ನು ನಂಬದೆ, ಊರಿಗೆ ಬಂದ ಮೇಲೂ ಎರಡು ದಿನ ಅವಳನ್ನು ಕಟ್ಟಿಯೇ ಇಟ್ಟಿದ್ದ. ಮೂರನೆಯ ದಿನ ಗಂಟೆಗಳ ಬಟ್ಟೆ ಬಿಚ್ಚಿದ. ಆ ಸದ್ದು ಕೇಳಿ ಕೆಂದಿ ಜಗಲಿಯಿಂದ ಹಾರಿದ್ದನ್ನು ನಾನು ನೋಡಿದ್ದೇನೆ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಈಗ ಆ ಊರಿನಲ್ಲಿ ಮದುವೆ ಪತ್ರಿಕೆ ಕೇಳಿದವರೇ ತಮ್ಮ ನಾಯಿಗಳ ರಕ್ತ ತೋರಿಸಲು ಸೇಲಂಗೆ ಹೋಗಿ ಬಂದಿದ್ದಾರೆ. ಆರು ಮನೆಯಲ್ಲಿ ಅಮಾವಾಸ್ಯೆಗೆ ನಾಯಿಯ ಮುದ್ದೆ ಬೇಯುತ್ತದೆ. ಶಾಲೆಯಲ್ಲಿ ಆ ಜೀವನಚಕ್ರದ ಚಿತ್ರ ಬರೆಸುವಾಗ ನಾನು ಸೊಳ್ಳೆಯ ಒಂದು ಪಕ್ಕ ಮನುಷ್ಯ, ಇನ್ನೊಂದು ಪಕ್ಕ ನಾಯಿ, ಕೆಳಗೆ ಒಂದು ತೊಟ್ಟಿ ಬರೆಸುತ್ತೇನೆ. ಕೆಮ್ಮುವ ನಾಯಿಯನ್ನು ಕಂಡರೆ ಚಳಿ ಅಂತಲೂ ಹೇಳುವುದಿಲ್ಲ, ಹುಳ ಅಂತಲೂ ಹೇಳುವುದಿಲ್ಲ. ರಕ್ತ ತೋರಿಸಿ ಅನ್ನುತ್ತೇನೆ.

ಉಳಿದದ್ದು ಒಂದೇ. ಕೆಂದಿಯನ್ನು ದೊಡ್ಡಿಯಿಂದ ತೊಟ್ಟಿಯ ಪಕ್ಕಕ್ಕೆ ಕಟ್ಟಿದ ವರ್ಷ, ಹೊಗೆಗೆ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ದೊಡ್ಡಿಯ ಬಾಗಿಲಲ್ಲಿ ನಿಂತು, ಈ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು, ಇವಳನ್ನು ಆಚೆ ಕಟ್ಟಿ ಅಂತ ಹೇಳಿದ ಹಾಗೆ ನೆನಪು. ನನ್ನ ದನಿಯೂ ನೆನಪಿದೆ, ತರಗತಿಯಲ್ಲಿ ಮಾತಾಡುವ ದನಿ. ಆದರೆ ಅದು ನಡೆದದ್ದೋ, ಆಮೇಲೆ ನಾನು ಕಟ್ಟಿಕೊಂಡದ್ದೋ ತಿಳಿಯದು. ಆ ವರ್ಷದ ಡೈರಿಯನ್ನು ಎರಡು ಸಲ ಓದಿದೆ. ಆ ವಾರ ಪೂರ್ತಿ ಉತ್ತರಪತ್ರಿಕೆ ತಿದ್ದಿದ ವಿಷಯವೇ ಇದೆ, ನಾಯಿಯ ಹೆಸರಿಲ್ಲ. ಮಾಮ ತಾನಾಗಿಯೇ ಕಟ್ಟಿರಲೂಬಹುದು. ಹೊಗೆಯಲ್ಲಿ ಕಾವಲುನಾಯಿಯ ಮೂಗು ಕೆಡುತ್ತದೆ ಅನ್ನುವ ಕುರುಬರೂ ನಮ್ಮ ಕಡೆ ಇದ್ದಾರೆ. ಅತ್ತೆಗೆ ಆ ದಿನ ನೆನಪೇ ಇಲ್ಲ. ಗೊತ್ತಿರುವವನು ಅವನೊಬ್ಬನೇ.

ಹೋದ ತಿಂಗಳು ಹೋಗಿದ್ದೆ. ಸಂಜೆ, ತೊಟ್ಟಿ ತೊಳೆಯುವ ದಿನ. ಹೊಸ ನೀರಿನ ಕೊಡ ಪಕ್ಕದಲ್ಲಿತ್ತು. ಮಾಮ ಬಗ್ಗಿ ತೂಬಿಗೆ ತುರುಕಿದ ಬಟ್ಟೆಯನ್ನು ಎಳೆದ. ಹಳೆಯ ನೀರು ಹರಳು ಗಿಡಗಳ ಕಡೆಗೆ ಹರಿಯತೊಡಗಿತು. ಕೆಂದಿ ಅದರ ಮುಂದೆ ಮುಂದೆ ನಡೆದಳು. ಆಸ್ಪತ್ರೆಯಲ್ಲಿ ಅವನು ಹೇಳಿದ ನೆರಳಿನ ಮಾತು ನನ್ನನ್ನು ಉಳಿಸಲು ಹೇಳಿದ್ದೋ ಎಂಬ ಅನುಮಾನ ಮೂರು ವರ್ಷದಿಂದ ನನ್ನನ್ನು ಬಿಟ್ಟಿರಲಿಲ್ಲ.

"ಮಾಮ," ಅಂದೆ. "ಒಗೆಯಿಂದ ಆಚೆ ಕಟ್ಟಿ ಅಂತ ಅವತ್ತು ಏಳಿದ್ದು ನಾನೇ ಅಲ್ವಾ?"

ಅವನು ತೊಟ್ಟಿಯ ತಳವನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದ. ಉಜ್ಜಿ ಮುಗಿಸಿದ, ಬಟ್ಟೆಯನ್ನು ತೂಬಿಗೆ ಮತ್ತೆ ತುರುಕಿದ, ಕೊಡದ ಕಡೆಗೆ ಕೈ ಚಾಚಿದ. ನಾನು ಕೊಡ ಎತ್ತಿ ಕೊಟ್ಟೆ.